ಹದಿನಾಲ್ಕು ವರ್ಷದ ಬದನೆ ಪಾತಿ

ಪುಣೆ ಹತ್ತಿರದ ಮಾಂಜರಿಯ ಮುರುಗೆಪ್ಪ ಚಹಾದಂಗಡಿಯಲ್ಲಿ ಎಂದೂ ಕೂತು ಚಹಾ ಕುಡಿದವನಲ್ಲ. ಕೂತರೆ ಒಲೆಯ ಮೇಲಿನ ಪಾತ್ರೆ ಕಾಣುವುದಿಲ್ಲ, ಪಾತ್ರೆ ಕಾಣದಿದ್ದರೆ ಹಾಲಿಗೆ ಏನು ಬೆರೆಸಿದರೆಂದು ತಿಳಿಯುವುದಿಲ್ಲ. ಕಲ್ಲಂಗಡಿ ಕೊಳ್ಳುವಾಗ ಒಂದೇ ಹಣ್ಣನ್ನು ಮೂರು ಕಡೆ ಬಡಿದು ನೋಡುತ್ತಿದ್ದ. ಹಡಪಸರದ ಬಸ್ಸು ಹತ್ತಿದರೆ ಪಕ್ಕದವನನ್ನು ಇದು ಹಡಪಸರಕ್ಕೇ ಹೋಗುತ್ತದೆಯೇ ಎಂದು ಕೇಳುವನು, ಅವನು ಹೌದೆಂದರೆ ಹಿಂದೆ ಕೂತವನನ್ನು ಕೇಳುವನು. ಮಗಳು ಶಿವಾನಿಗೆ ಗಂಡು ನೋಡಲು ಹೋದಾಗ ಹುಡುಗನಿಗಿಂತ ಅವರ ಮನೆಯ ಹಿತ್ತಲಿನ ಗಿಡಗಳನ್ನೇ ಹೆಚ್ಚು ಹೊತ್ತು ನೋಡಿದ. ಗಿಡಕ್ಕೆ ನೀರು ಹಾಕದವರು ಸೊಸೆಗೆ ಏನು ಹಾಕಿಯಾರು ಎಂಬುದು ಅವನ ವಿಚಾರ. ಆ ಒಂದು ಅನುಮಾನದಿಂದ ಒಳ್ಳೆಯದೇ ಆಯಿತು ಎನ್ನಬೇಕು, ಶಿವಾನಿ ಚಿಂಚವಾಡದಲ್ಲಿ ಸುಖವಾಗಿದ್ದಾಳೆ.

ಹಾಗೆಂದು ಇದು ಹುಟ್ಟುಗುಣವಲ್ಲ. ಹುಕ್ಕೇರಿಯಿಂದ ಪುಣೆಗೆ ಬಂದ ಹೊಸದರಲ್ಲಿ ಅವನು ಎಲ್ಲರನ್ನೂ ನಂಬುವ ಇಪ್ಪತ್ನಾಲ್ಕರ ಪೋರನೇ ಆಗಿದ್ದ. ಮಾಂಜರಿಯಲ್ಲಿ ಒಂದು ತುಂಡು ಹೊಲ ಹಿಡಿದು, ಒಂದು ನರ್ಸರಿಯಿಂದ ಐನೂರು ಪೇರಲ ಕಸಿ ಸಸಿ ತಂದು ನೆಟ್ಟ. ಮೂರು ವರ್ಷ ಮಗುವಿನಂತೆ ಸಾಕಿದ. ಹಣ್ಣು ಬಿಟ್ಟಾಗ ನೋಡಿದರೆ ಒಂದು ಗಿಡದ್ದು ಗಜ್ಜುಗದ ಗಾತ್ರ, ಇನ್ನೊಂದರ ತುಂಬ ಬರೀ ಬೀಜ, ಮತ್ತೊಂದು ಕಡಿದರೆ ಹಲ್ಲು ಹೋಗುವಷ್ಟು ಗಟ್ಟಿ. ಅವು ಕಸಿ ಸಸಿಗಳೇ ಅಲ್ಲ, ಬೀಜದಿಂದ ಎಬ್ಬಿಸಿದ ಸಸಿಗಳ ಕಾಂಡ ಗೀರಿ, ಮೇಲೆ ಪ್ಲಾಸ್ಟಿಕ್ ಪಟ್ಟಿ ಸುತ್ತಿ ಮಾರಿದ್ದರು. ಸಿಟ್ಟಿನಿಂದ ಆ ನರ್ಸರಿಯವನನ್ನು ಹುಡುಕಿಕೊಂಡು ಹೋದರೆ ಅಲ್ಲಿ ಟೈರಿನ ಅಂಗಡಿ ಇತ್ತು.

ಸಸಿಯ ಸುಳ್ಳು ಹೊರಗೆ ಬರಲು ಮೂರು ವರ್ಷ ಬೇಕು ಎನ್ನುವುದನ್ನು ಮುರುಗೆಪ್ಪ ಆಮೇಲೆ ಮರೆಯಲಿಲ್ಲ. ತಾನೇ ನರ್ಸರಿ ಹಾಕಿದ. ಹಿಂಭಾಗದಲ್ಲಿ ಹನ್ನೊಂದು ಪೇರಲದ ತಾಯಿಗಿಡ ಬೆಳೆಸಿದ, ಒಂದೊಂದಕ್ಕೂ ತಗಡಿನ ನಂಬರು ಕಟ್ಟಿದ. ಅವನು ಮಾರಿದ ಪ್ರತಿ ಸಸಿಯ ಕಸಿಕಡ್ಡಿಯೂ ಆ ಹನ್ನೊಂದರ ಮೈಯಿಂದಲೇ ಬಂದದ್ದು, ಕಸಿ ಕಟ್ಟಿದ್ದೂ ಅವನ ಕೈಯೇ. ಇಂದಾಪುರದ ಕಡೆಯ ತೋಟದವರು ಮೂರು ತಿಂಗಳು ಮೊದಲೇ ಹೇಳಿಟ್ಟು ಸಸಿ ಒಯ್ಯುತ್ತಿದ್ದರು. ಸುತ್ತ ಒಂದೊಂದೇ ಹೊಲ ಮಾಯವಾಗಿ ಹನ್ನೆರಡು ಮಹಡಿಯ ಕಟ್ಟಡಗಳು ಎದ್ದು ನಿಂತರೂ ಮುರುಗೆಪ್ಪ ಜಾಗ ಮಾರಲಿಲ್ಲ. ಕೇಳಲು ಬಂದ ಬಿಲ್ಡರನ ಕಾರಿನ ನಂಬರನ್ನು ಮಾತ್ರ ಗೋಡೆಯ ಮೇಲೆ ಬರೆದಿಟ್ಟುಕೊಂಡ, ಯಾತಕ್ಕೂ ಇರಲಿ ಅಂತ.

ಅಂಥವನ ತಾಯಿಗಿಡಗಳಲ್ಲಿ ನಾಲ್ಕನೇ ನಂಬರಿನದು ಕಳೆದ ವರ್ಷ ಮಾರ್ಚಿನಲ್ಲಿ ಹಳದಿ ತಿರುಗಿತು. ಹದಿನೈದು ದಿನದಲ್ಲಿ ಐದನೆಯದು, ಆಮೇಲೆ ಏಳನೆಯದು, ಎಂಟನೆಯದು. ನೀರು ಹಾಕಿದರೂ ಎಲೆ ಜೋತೇ ಬಿದ್ದಿರುತ್ತಿತ್ತು.

ಮುರುಗೆಪ್ಪನಿಗೆ ಮೊದಲು ಗೊಬ್ಬರದಂಗಡಿಯವನ ಮೇಲೆ ಅನುಮಾನ ಬಂತು. ಆಮೇಲೆ ಕಟ್ಟಡದ ಸಿಮೆಂಟಿನ ಧೂಳಿನ ಮೇಲೆ. ಕೊನೆಗೆ ಅನುಮಾನ ಹೋಗಿ ನಿಂತದ್ದು ಪಕ್ಕದ ನರ್ಸರಿಯ ದಿಗಂಬರನ ಮೇಲೆ. ದಿಗಂಬರನ ಜಾಗ ಸ್ವಲ್ಪ ಎತ್ತರದಲ್ಲಿತ್ತು, ಅದರ ಹಿಂದಿನ ಮಳೆಗಾಲದಲ್ಲಿ ಅವನ ಸಸಿಗಳ ನೀರು ಬೇಲಿ ದಾಟಿ ಇತ್ತ ಹರಿದಿತ್ತು. ಇಬ್ಬರೂ ಇಪ್ಪತ್ತು ವರ್ಷದಿಂದ ನೆರೆಯವರು. ದಿನಾ ಬೆಳಿಗ್ಗೆ ಮರಾಠಿಯಲ್ಲಿ ರಾಮರಾಮ ಹೇಳಿಕೊಳ್ಳುತ್ತಿದ್ದರು, ಒಬ್ಬರನ್ನೊಬ್ಬರು ಬೇಲಿಯಿಂದ ಈಚೆಗೆ ಕರೆಯುತ್ತಿರಲಿಲ್ಲ.

ಕುರ್ಪಿ ತೆಗೆದುಕೊಂಡು ನಾಲ್ಕನೇ ಗಿಡದ ಬುಡ ಕೆದರಿದ. ಬೇರಿನ ತುಂಬ ಗಂಟು. ಕೆಲವು ಹೆಸರುಕಾಳಿನಷ್ಟು, ಕೆಲವು ಹಸಿ ಶುಂಠಿಯ ಹಾಗೆ ಒಂದಕ್ಕೊಂದು ಕೂಡಿಕೊಂಡವು.

ಬೇರು ಕಿತ್ತುಕೊಂಡು ಪುಣೆಯ ಒಂದು ಮಣ್ಣು-ಬೇರು ಪರೀಕ್ಷೆಯ ಪ್ರಯೋಗಾಲಯಕ್ಕೆ ಹೋದ. ಅಲ್ಲಿಯೂ ತನ್ನ ಬುದ್ಧಿ ಬಿಡಲಿಲ್ಲ. ಒಂದೇ ಗಿಡದ ಬೇರನ್ನು ಎರಡು ಕಟ್ಟು ಮಾಡಿ, ಒಂದಕ್ಕೆ ತನ್ನ ಹೆಸರು, ಇನ್ನೊಂದಕ್ಕೆ ಕಾಂತಪ್ಪ ಎಂಬ ಇಲ್ಲದ ಮನುಷ್ಯನ ಹೆಸರು ಬರೆದು ಕೊಟ್ಟ. ಎರಡಕ್ಕೂ ಬೇರೆ ಬೇರೆ ಉತ್ತರ ಬಂದರೆ ಇವರದ್ದೆಲ್ಲ ಬೊಗಳೆ ಎಂದಾಯಿತು.

ಅಲ್ಲಿದ್ದವಳು ತ್ರಿವೇಣಿ ಎಂಬ ಧಾರವಾಡದ ಕಡೆಯ ಹೆಣ್ಣುಮಗಳು, ಬೇರಿನ ಹುಳುಗಳನ್ನೇ ಓದಿದವಳು. ಎರಡು ಕಟ್ಟನ್ನೂ ಬಿಚ್ಚಿ ಮೇಜಿನ ಮೇಲೆ ಹರಡಿದಳು.

"ಕಾಕಾ, ಈ ಕಾಂತಪ್ಪನವರು ನಿಮ್ಮ ಮನಿಯಾಗ ಇರ್ತಾರೇನ್ರಿ?"

"ಯಾಕ್ರಿ ಮೇಡಂ?"

"ಅವರ ಬೇರಿಗೆ ಸುತ್ತಿದ್ದು, ನಿಮ್ಮ ಬೇರಿಗೆ ಸುತ್ತಿದ್ದು, ಎರಡೂ ಒಂದ ಪೇಪರಿನ ಹಾಳಿ ಅದಾವ. ನಡುವ ಹರದೀರಿ. ಜೋಡಿಸಿದರ ಸುದ್ದಿ ಪೂರ್ತಿ ಓದಾಕ ಬರತದ."

ಮುರುಗೆಪ್ಪ ನಾಚಿದ. ಆದರೆ ಒಳಗೊಳಗೇ ಅವಳ ಮೇಲೆ ಒಂದು ನಂಬಿಕೆಯೂ ಕೂತುಬಿಟ್ಟಿತು. ತನ್ನನ್ನು ಅನುಮಾನಿಸಬಲ್ಲವರ ಮೇಲೆ ಮಾತ್ರ ಅವನಿಗೆ ನಂಬಿಕೆ ಬರುತ್ತಿತ್ತು.

ಸೂಕ್ಷ್ಮದರ್ಶಕದಲ್ಲಿ ಅವಳು ಹುಳುಗಳನ್ನು ತೋರಿಸಿದಳು. ಗಾಜಿನಂಥ ಮೈಯ, ಬರಿಗಣ್ಣಿಗೆ ಕಾಣದ ಹುಳು. ಮಣ್ಣಿನಿಂದ ಬೇರಿನ ಒಳಗೆ ನುಗ್ಗಿ ಕೂಡುತ್ತದೆ, ಅಲ್ಲೇ ಉಬ್ಬುತ್ತದೆ, ಒಂದೊಂದು ಹೆಣ್ಣೂ ನೂರಾರು ಮೊಟ್ಟೆ ಇಡುತ್ತದೆ, ಬೇರು ಗಂಟುಗಟ್ಟಿ ನೀರು ಎಳೆಯಲಾರದೆ ಗಿಡ ಸಾಯುತ್ತದೆ. ಬೇರುಗಂಟಿನ ಜಂತುಹುಳು. ಔಷಧಿ ಹೊಡೆದರೆ ಕೆಲವು ದಿನ ತಗ್ಗುತ್ತದೆ, ಮತ್ತೆ ಬರುತ್ತದೆ ಎಂದಳು. ರೋಗದ ಬೇರುಗಳನ್ನು ಕಿತ್ತು ಸುಡಿ ಎಂದಳು. ಆಮೇಲೆ, ಸಸಿಯ ಜೊತೆ ಮಣ್ಣು ಹೋಗುತ್ತದೆ, ಮಣ್ಣಿನ ಜೊತೆ ಹುಳು ಹೋಗುತ್ತದೆ ಎಂದಳು. ಉಳಿದದ್ದನ್ನು ಅವಳು ಹೇಳಬೇಕಾಗಲಿಲ್ಲ.

ಅದೇ ದಿನ ಮುರುಗೆಪ್ಪ ಬಾಗಿಲಿಗೆ 'ಸಸಿ ಮಾರಾಟ ಇಲ್ಲ' ಎಂಬ ಬೋರ್ಡು ನೇತುಹಾಕಿದ. ಯಾರಿಗೂ ಗೊತ್ತಾಗದ ಹಾಗೆ ಇನ್ನೊಂದು ವರ್ಷ ಮಾರಬಹುದಿತ್ತು, ಮೂರು ವರ್ಷ ಯಾರೂ ಕೇಳಲು ಬರುತ್ತಿರಲಿಲ್ಲ. ಆದರೆ ಅವನಿಗೆ ಆ ಟೈರಿನ ಅಂಗಡಿ ನೆನಪಿತ್ತು. ಈ ಗುಣ ಒಂದಿಲ್ಲದಿದ್ದರೆ ಈ ಮನುಷ್ಯನ ಕಥೆ ಹೇಳುವ ಅಗತ್ಯವೇ ಇರಲಿಲ್ಲ.

ಈಗ ಅವನಿಗಿದ್ದದ್ದು ಒಂದೇ ಚಿಂತೆ. ಹನ್ನೊಂದು ತಾಯಿಗಿಡ ಉಳಿಯಬೇಕು. ಅವು ಹೋದರೆ ನರ್ಸರಿ ಹೋಯಿತು, ಮೂವತ್ತು ವರ್ಷದ ಹೆಸರೂ ಹೋಯಿತು. ಹುಳು ಎಲ್ಲಿಂದ ಬಂತೆಂದು ತಿಳಿಯಲು ಜಾಗದ ಹತ್ತು ಕಡೆಯಿಂದ ಬೇರು, ಮಣ್ಣು ತೆಗೆದು, ಹತ್ತು ಚೀಲಕ್ಕೆ ನಂಬರು ಹಾಕಿ ತ್ರಿವೇಣಿಗೆ ಕೊಟ್ಟುಬಂದ. ಎಲ್ಲ ನೋಡಲು ಎರಡು ವಾರ ಬೇಕು ಎಂದಳು. ಹತ್ತನೆಯ ಚೀಲ ಕಲ್ಲವ್ವನ ಬದನೆ ಪಾತಿಯದು.

ಕಲ್ಲವ್ವ ಮುರುಗೆಪ್ಪನ ಹೆಂಡತಿ, ಬೈಲಹೊಂಗಲದವಳು. ಮೂವತ್ತೈದು ವರ್ಷ ಇಂಥ ಗಂಡನ ಜೊತೆ ಬಾಳಿದವಳು ಒಂದೋ ಜಗಳಗಂಟಿಯಾಗಬೇಕು, ಇಲ್ಲ ಮಾತು ಕಡಿಮೆ ಮಾಡಬೇಕು. ಅವಳು ಮಾತು ಕಡಿಮೆ ಮಾಡಿದ್ದಳು. ಹದಿನಾಲ್ಕು ವರ್ಷದ ಹಿಂದೆ ತಾಯಿಗಿಡಗಳ ಹಿಂದೆ ಮಂಚದಗಲದ ಎರಡು ತುಂಡು ಜಾಗ ಕೇಳಿ, ತವರಿನಿಂದ ತಂದ ಬದನೆ ಬೀಜ ಹಾಕಿದ್ದಳು. ಎಣ್ಣೆಗಾಯಿಗೆ ಪುಣೆಯ ಬದನೆ ಆಗಿಬರುವುದಿಲ್ಲ ಎಂಬುದು ಅವಳ ಹಟ. ಅಂದಿನಿಂದ ಅದೇ ಜಾಗ, ಅದೇ ಬದನೆ. ಒಂದೇ ನೆಲಕ್ಕೆ ಒಂದೇ ಬೆಳೆ ಹಾಕಬಾರದೆಂದು ಗಂಡ ಎಷ್ಟು ಹೇಳಿದರೂ ಕೇಳಿರಲಿಲ್ಲ.

ಏಪ್ರಿಲ್ ಮೊದಲ ವಾರ ಮುರುಗೆಪ್ಪ ಆ ಪಾತಿಯ ಮುಂದೆ ನಿಂತ. ಹತ್ತು ಹೆಜ್ಜೆ ಆಚೆ ಪೇರಲ ಸಾಯುತ್ತಿದೆ, ಇಲ್ಲಿ ಬದನೆ ಗಿಡ ಸೊಂಟಮಟ್ಟ ಎದ್ದು ಹೊಳೆಯುತ್ತಿದೆ. ಇದು ಹೇಗೆ ಸಾಧ್ಯ? ಒಂದು ಗಿಡ ಕಿತ್ತು ನೋಡಿದ. ಬೇರಿನಲ್ಲಿ ಅಲ್ಲೊಂದು ಇಲ್ಲೊಂದು ಸಣ್ಣ ಗಂಟು. ಹುಳು ಇಲ್ಲಿಯೂ ಇದೆ, ಗಿಡ ಮಾತ್ರ ಚೆನ್ನಾಗಿದೆ. ಏನೋ ಇದೆ. ತನಗೆ ಹೇಳದೆ ಇವಳು ಏನೋ ಹಾಕುತ್ತಿದ್ದಾಳೆ.

ಹಿತ್ತಲಿಗೆ ಬಂದರೆ ಕಲ್ಲವ್ವ ಒರಳಿನ ಮುಂದೆ ಕೂತು ಏನೋ ಕುಟ್ಟುತ್ತಿದ್ದಳು.

"ಏನದು?"

"ಚಳಿಗಾಲದ ಬದನಿ ಗಿಡದ ಬೇರು."

"ಬೇರು ಯಾಕ ಕುಟ್ಟತಿ?"

"ಪ್ರತಿ ವರ್ಷ ಕುಟ್ಟತೀನಿ. ಇವತ್ತ ಕಣ್ಣಿಗೆ ಬಿತ್ತೇನು? ಗಿಡ ಮುಗಿದ ಮ್ಯಾಲೆ ಬೇರು ಒಣಗಿಸಿ, ಕುಟ್ಟಿ, ಜೂನಿನಾಗ ಮಿರಗದ ಮಳಿ ಬಿದ್ದ ಕೂಡಲೇ ಅದೇ ಮಣ್ಣಿಗೆ ಹಾಕತೀನಿ. ನಮ್ಮ ಆಯಿ ಹಂಗ ಮಾಡತಿದ್ದಳು."

"ರೋಗದ ಬೇರು! ಇದನ್ನ ವಾಪಸ್ ಮಣ್ಣಿಗೆ ಹಾಕತಿ?"

"ಮೊದಲ ನಾಕು ವರ್ಷ ಗಿಡ ಸೊರಗಿ ಸೊರಗಿ ಸತ್ತವು. ಬೀಜ ಸರಿ ಇಲ್ಲ ಅಂದ್ರಿ ನೀವು. ನಾ ಬಿಡಲಿಲ್ಲ. ಆಮ್ಯಾಲ ತಾವ ಸುಧಾರಿಸಿದವು. ಯಾಕಂತ ನನಗೇನ್ ಗೊತ್ತು?"

ಮುರುಗೆಪ್ಪನ ಕಿವಿಗೆ ಕೊನೆಯ ಮಾತು ಹೋಗಲೇ ಇಲ್ಲ. ರೋಗದ ಬೇರು ಸುಡಬೇಕೆಂದು ಓದಿದವರು ಹೇಳುತ್ತಾರೆ, ಇವಳು ಹದಿನಾಲ್ಕು ವರ್ಷದಿಂದ ಅದನ್ನೇ ಪುಡಿ ಮಾಡಿ ಬಿತ್ತುತ್ತಿದ್ದಾಳೆ! ದಿಗಂಬರನ ನೀರಿನಲ್ಲಿ ಬಂದ ಹುಳುವಿಗೆ ತನ್ನ ಮನೆಯಲ್ಲೇ ಅನ್ನ ನೀರು ಸಿಕ್ಕಿದೆ. ಹುಳುವಿನ ತವರುಮನೆ ಈ ಪಾತಿಯೇ. ಅವನಿಗೆ ಎಲ್ಲ ಅರ್ಥವಾಗಿಬಿಟ್ಟಿತು. ಅನುಮಾನದ ಮನುಷ್ಯನಿಗೆ ಎಲ್ಲ ಅರ್ಥವಾಗುವ ಗಳಿಗೆಯಷ್ಟು ಅಪಾಯದ್ದು ಬೇರೆ ಇಲ್ಲ.

ಆ ವಾರವೇ ಕಲ್ಲವ್ವ ಶಾವಿಗೆ ಮಾಡಿಕೊಡಲು ನಾಲ್ಕು ದಿನ ಶಿವಾನಿಯ ಮನೆಗೆ ಹೋದಳು. ತ್ರಿವೇಣಿಯ ಉತ್ತರ ಬರಲು ಇನ್ನೂ ಒಂದು ವಾರವಿತ್ತು. ಮುರುಗೆಪ್ಪ ಕಾಯಲಿಲ್ಲ. ಹಡಪಸರದಿಂದ ಜೆಸಿಬಿ ಮತ್ತು ಟ್ರಾಲಿ ತರಿಸಿ, ಬದನೆ ಗಿಡಗಳ ಸಮೇತ ಪಾತಿಯ ಮಣ್ಣನ್ನು ಮೊಣಕಾಲುದ್ದ ಅಗೆಸಿ ತೆಗೆಸಿದ. ತಗ್ಗಿಗೆ ಸುಣ್ಣ ಸುರಿದು ಹೊಸ ಕೆಂಪು ಮಣ್ಣು ತುಂಬಿಸಿದ.

"ಇದನ್ನೆಲ್ಲಿ ಹಾಕಲಿ?" ಎಂದು ಟ್ರಾಲಿಯವನು ಕೇಳಿದ.

ಮುರುಗೆಪ್ಪ ಬೇಲಿಯ ಕಡೆ ನೋಡಿದ. ಅಂದು ಶುಕ್ರವಾರ, ದಿಗಂಬರ ಮಾರ್ಕೆಟ್ ಯಾರ್ಡಿಗೆ ಹೋಗಿದ್ದ. ಅವನ ಜಾಗದ ಮೂಲೆಯಲ್ಲಿ ಒಂದು ತಗ್ಗಿತ್ತು. ಎಲ್ಲಿಂದ ಬಂತೋ ಅಲ್ಲಿಗೇ ಹೋಗಲಿ ಎಂದು ಮುರುಗೆಪ್ಪ ಆ ಮೂಲೆ ತೋರಿಸಿದ. ರೋಗದ ಮಣ್ಣೆಂದು ತಿಳಿದೂ ತಿಳಿದೂ, ಒಂದು ಸಸಿಯನ್ನೂ ಮಾರದೆ ಬೋರ್ಡು ಹಾಕಿದ ಅದೇ ಮನುಷ್ಯ, ನೆರೆಯವನ ನೆಲದಲ್ಲಿ ಅದನ್ನು ಸುರಿಸಿದ. ಅವನ ಬಾಳಿನಲ್ಲಿ ಇದರಷ್ಟು ಹೊಲಸು ಕೆಲಸ ಇನ್ನೊಂದಿಲ್ಲ, ಮುಚ್ಚಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ.

ಕಲ್ಲವ್ವ ಮರಳಿ ಬಂದು, ಶಾವಿಗೆಯ ಚೀಲ ಕೈಯಲ್ಲಿ ಹಿಡಿದುಕೊಂಡೇ ಪಾತಿಯ ಮುಂದೆ ನಿಂತಳು.

"ಮಣ್ಣ ಎಲ್ಲಿ?"

"ರೋಗ ಇತ್ತು. ತೆಗೆಸಿದೆ."

"ಯಾರು ಹೇಳಿದ್ರು ರೋಗ ಇತ್ತಂತ?"

ಯಾರೂ ಹೇಳಿರಲಿಲ್ಲ.

"ನನ್ನ ಒಂದ ಮಾತು ಕೇಳಬಹುದಿತ್ತಲ್ಲ" ಎಂದು ಅವಳು ಒಳಗೆ ಹೋದಳು. ಮರುದಿನ ಗಾಡಿಯವನಿಂದ ಬದನೆಕಾಯಿ ಕೊಂಡು ಎಣ್ಣೆಗಾಯಿ ಮಾಡಿ ಗಂಡನಿಗೆ ಬಡಿಸಿದಳು. ಕಹಿಯಾಗಿತ್ತು. ಅವನು ಪೂರ್ತಿ ತಿಂದ.

ನಾಲ್ಕು ದಿನ ಬಿಟ್ಟು ತ್ರಿವೇಣಿ ಸ್ಕೂಟರಿನಲ್ಲಿ ತಾನೇ ಬಂದಳು. ಹೆಲ್ಮೆಟ್ ತೆಗೆಯುವಷ್ಟೂ ತಾಳ್ಮೆ ಇರಲಿಲ್ಲ.

"ಕಾಕಾ, ಹತ್ತನೇ ಚೀಲ ಎಲ್ಲಿದ್ರಿ? ನಿಮ್ಮ ಜಾಗದಾಗ ಯಾವ ಕಡೆದು?"

ಮುರುಗೆಪ್ಪನಿಗೆ ಒಳಗೊಳಗೇ ಹಿಗ್ಗು. ತಾನು ಹಿಡಿದ ಕಳ್ಳ ಸರಿಯಾಗಿಯೇ ಇದ್ದಾನೆ. "ಭಾಳ ಹುಳ ಅದಾವಲ್ರಿ ಅದರಾಗ?" ಎಂದ.

"ಹುಳ ಅದಾವ. ನೋಡ್ರಿ ಇಲ್ಲಿ."

ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ಅದೇ ಗಾಜಿನ ಮೈಯ ಹುಳು. ಆದರೆ ಇದರ ಮೈತುಂಬ ಸಣ್ಣ ಸಣ್ಣ ಕಾಳು ಅಂಟಿಕೊಂಡಿದ್ದವು, ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚಿದ ಹಾಗೆ.

"ಇದು ಏನ್ ಹೊಸಾ ರೋಗ?"

"ರೋಗನ. ಆದರ ನಿಮ್ಮ ಗಿಡದ್ದಲ್ಲ, ಹುಳದ ರೋಗ. ಈ ಕಾಳು ಒಂದು ಬ್ಯಾಕ್ಟೀರಿಯಾ ಅದ. ಮಣ್ಣಾಗ ಸುಮ್ಮನ ಬಿದ್ದಿರತದ. ಹುಳ ಹಾದು ಹೋಗುವಾಗ ಮೈಗೆ ಅಂಟತದ, ಅದರ ಜೊತಿಗೇ ಬೇರಿನೊಳಗ ಹೋಗತದ. ಅಲ್ಲಿ ಹುಳದ ಹೊಟ್ಟಿಯೊಳಗ ಇಳದು ಬೆಳೀತದ. ಹೆಣ್ಣು ಹುಳ ಉಬ್ಬತದ, ಆದರ ಒಂದು ಮೊಟ್ಟಿ ಇಡಂಗಿಲ್ಲ. ಒಳಗ ಮೊಟ್ಟಿ ಬದಲಿ ಇವೇ ಕಾಳು, ಲಕ್ಷ ಲಕ್ಷ. ಬೇರು ಕೊಳತಾಗ ಎಲ್ಲಾ ಮತ್ತ ಮಣ್ಣಿಗೆ. ಮುಂದಿನ ಹುಳಕ್ಕ ಅಂಟಾಕ ತಯಾರ."

ಮುರುಗೆಪ್ಪ ಮೊಬೈಲನ್ನು ಕಣ್ಣಿನ ಹತ್ತಿರ ತಂದು ಮತ್ತೊಮ್ಮೆ ನೋಡಿದ.

"ಇದನ್ನ ಕಾರಖಾನೆಯೊಳಗ ಮಾಡೂದು ಭಾಳ ಕಠಿಣ ಕಾಕಾ. ಹುಳ ಬಿಟ್ಟು ಬ್ಯಾರೆ ಕಡೆ ಇದು ಸರಳ ಬೆಳ್ಯಂಗಿಲ್ಲ. ಅದಕ್ಕ ನಾವು ಪ್ರಯೋಗದಾಗ ಏನ್ ಮಾಡ್ತೀವಿ ಗೊತ್ತೇನ್ರಿ? ಹುಳ ಹತ್ತಿದ ಗಿಡದ ಬೇರು ತಗೊಂಡು, ಒಣಗಿಸಿ, ಪುಡಿ ಮಾಡಿ ಮಣ್ಣಿಗೆ ಬೆರಸ್ತೀವಿ. ವರ್ಷ ವರ್ಷ ಅದೇ ಬೆಳಿ ಇದ್ದಲ್ಲಿ ಇದು ತಾನ ಹೆಚ್ಚಾಗತದ. ನಿಮ್ಮ ಹತ್ತನೇ ಚೀಲದಾಗ ಹುಳ ಅದಾವ, ಆದರ ಹತ್ತಕ್ಕ ಎಂಟು ಹುಳಕ್ಕ ಕಾಳು ಹತ್ತ್ಯಾವ. ಇಷ್ಟು ನಾ ಎಲ್ಲೂ ನೋಡಿಲ್ಲ. ಯಾರು ಮಾಡಿದ್ರಿ ಇದನ್ನ? ಆ ಮಣ್ಣು ತೋರಸ್ರಿ. ತಾಯಿಗಿಡದ ಬುಡಕ್ಕ ಹಾಕಿ ನೋಡಬಹುದು."

ಅಡುಗೆಮನೆಯ ಬಾಗಿಲಲ್ಲಿ ಕಲ್ಲವ್ವ ನಿಂತಿದ್ದಳು. ಮುರುಗೆಪ್ಪನಿಗೆ ಅತ್ತ ನೋಡುವ ಧೈರ್ಯವಾಗಲಿಲ್ಲ. ಕೆಂಪು ಮಣ್ಣು ತುಂಬಿದ ತಗ್ಗನ್ನು ತೋರಿಸಿದ. ತ್ರಿವೇಣಿ ಆಳಕ್ಕೆ ಕೈಹಾಕಿ ಮಣ್ಣು ತೆಗೆದಳು, ಬೆರಳಿಗೆ ಬರೀ ಸುಣ್ಣ ಹತ್ತಿತು.

"ಇದ್ದ ಮಣ್ಣು ಎಲ್ಲಿ ಕಾಕಾ?"

"ತರ್ತೀನಿ" ಎಂದ ಮುರುಗೆಪ್ಪ. ಚಪ್ಪಲಿ ಮೆಟ್ಟದೆಯೇ ದಿಗಂಬರನ ಬಾಗಿಲಿಗೆ ನಡೆದ.

ದಿಗಂಬರ ಸಸಿಗಳಿಗೆ ನೀರು ಬಿಡುತ್ತಿದ್ದವನು ಪೈಪು ಕೆಳಗಿಡಲಿಲ್ಲ. ಮುರುಗೆಪ್ಪ ಮರಾಠಿಯಲ್ಲಿ ಎಲ್ಲ ಒಪ್ಪಿಕೊಂಡ. ಶುಕ್ರವಾರ ಮಣ್ಣು ಸುರಿಸಿದ್ದು ತಾನೇ ಎಂದ, ರೋಗವಿದೆಯೆಂದು ತಿಳಿದೇ ಸುರಿಸಿದೆ ಎಂದ. ಆಮೇಲೆ ಅದನ್ನು ಮರಳಿ ಕೊಡು ಎಂದು ಕೇಳಿದ.

ದಿಗಂಬರ ನಕ್ಕ. ಖುಷಿಯ ನಗುವಲ್ಲ. "ಮುರುಗೆಪ್ಪಾಶೇಠ್, ಇಪ್ಪತ್ತು ವರ್ಷದಲ್ಲಿ ನೀವು ನನಗೆ ಒಂದು ನಿಂಬೆಹಣ್ಣು ಕೊಟ್ಟವರಲ್ಲ. ಒಂದು ಟ್ರಾಲಿ ಮಣ್ಣು ಪುಕ್ಕಟೆ ಕೊಟ್ಟರೆ ಅದರಲ್ಲಿ ಏನಿರಬಹುದೆಂದು ನನಗೆ ತಿಳಿಯುವುದಿಲ್ಲವೇ? ಆ ಸಂಜೆಯೇ ತೆಗೆಸಿಬಿಟ್ಟೆ. ನಿಮ್ಮ ಮಣ್ಣಿನ ಕೆಳಗಿದ್ದ ನನ್ನ ಒಂದು ಗೇಣು ಮಣ್ಣನ್ನೂ ಸೇರಿಸಿ ತೆಗೆಸಿದೆ. ಯಾರಿಗೆ ಗೊತ್ತು, ಇಳಿದಿದ್ದರೆ?"

"ಎಲ್ಲಿ ಹಾಕಿಸಿದೆ?"

ದಿಗಂಬರ ಪೈಪಿನಿಂದಲೇ ತೋರಿಸಿದ. ರಸ್ತೆಯಾಚೆ ಹೊಸ ಕಟ್ಟಡ ಏಳುತ್ತಿತ್ತು. ನೆಲ ತುಂಬಿಸಲು ಮಣ್ಣು ಬೇಕೆಂದಿದ್ದರು. ಕಾರು ನಿಲ್ಲಿಸುವ ಜಾಗವಾಗಲಿರುವ ಅಲ್ಲಿ, ಹದಿನಾಲ್ಕು ವರ್ಷದ ಬದನೆಯ ಮಣ್ಣಿನ ಮೇಲೆ, ಸಿಮೆಂಟು ಬಿದ್ದು ಆರು ದಿನವಾಗಿತ್ತು.

ಮುರುಗೆಪ್ಪ ಅವನ ಮೇಲೆ ಸಿಟ್ಟಾಗಬೇಕೆಂದು ನೋಡಿದ, ಸಿಟ್ಟು ಬರಲಿಲ್ಲ. ಅವನ ಜಾಗದಲ್ಲಿ ತಾನಿದ್ದರೆ ಒಂದು ಗೇಣಲ್ಲ, ಎರಡು ಗೇಣು ತೆಗೆಸುತ್ತಿದ್ದ.

ಮನೆಗೆ ಬಂದು ಕಟ್ಟೆಯ ಮೇಲೆ ಕೂತ. ಸುದ್ದಿ ಕೇಳಿ ತ್ರಿವೇಣಿಯ ಮುಖ ಬಾಡಿತು. "ಹೋಯ್ತು ಬಿಡ್ರಿ ಹಂಗಾರ" ಎಂದು ಹೆಲ್ಮೆಟ್ ಕೈಗೆ ತೆಗೆದುಕೊಂಡಳು. ಹದಿನಾಲ್ಕು ವರ್ಷ ಒಬ್ಬಳು ಕೂಡಿಸಿದ್ದನ್ನು ಇಬ್ಬರು ಗಂಡಸರು ಒಂದೇ ದಿನದಲ್ಲಿ ಹಾಳು ಮಾಡಿದ್ದರು.

ಆಗ ಕಲ್ಲವ್ವ ಒಳಗಿಂದ ಒಂದು ಡಬ್ಬಿ ತಂದಳು. ಹಳೆಯ ಸ್ಟೀಲಿನ ಚಹಾಪುಡಿಯ ಡಬ್ಬಿ. ಮುಚ್ಚಳ ತೆಗೆದರೆ ಕಂದು ಬಣ್ಣದ ಪುಡಿ. ಶಾವಿಗೆಗೆ ಹೋಗುವ ಮುಂಚೆ ಕುಟ್ಟಿ, ಮಿರಗದ ಮಳೆಗೆಂದು ಎತ್ತಿಟ್ಟ ಬೇರು.

ಮುರುಗೆಪ್ಪನ ಕೈ ಅಭ್ಯಾಸಬಲದಿಂದ ಮುಂದೆ ಹೋಯಿತು, ಮೂಗಿಗೆ ಹಿಡಿದು ನೋಡಲು. ಕಲ್ಲವ್ವ ಆ ಕೈಯನ್ನು ನೋಡಿದಳು. ಡಬ್ಬಿಯನ್ನು ತ್ರಿವೇಣಿಯ ಕೈಗೆ ಕೊಟ್ಟಳು.

"ನಿನ್ನ ಕಡೆ ಇರಲಿ ತಂಗಿ. ಈ ಮನಿಯಾಗ ಇಟ್ಟರ ಉಳ್ಯಂಗಿಲ್ಲ."

"ಇದು ಅದ ಅಂತ ಮೊದಲ ಯಾಕ ಹೇಳಲಿಲ್ಲ ನೀ?" ಎಂದ ಮುರುಗೆಪ್ಪ.

"ನಾ ಹೇಳಿದ್ದು ಯಾವುದು ನಂಬೀರಿ ನೀವು? ಮೂವತ್ತೈದು ವರ್ಷದಾಗ ಒಂದ ಹೇಳ್ರಿ."

ಮುರುಗೆಪ್ಪ ನಿಜವಾಗಿಯೂ ನೆನಪು ಮಾಡಿಕೊಳ್ಳಲು ನೋಡಿದ. ತ್ರಿವೇಣಿ ಹೋದಮೇಲೂ ಕಟ್ಟೆಯ ಮೇಲೆಯೇ ಕೂತಿದ್ದ. ಒಂದೂ ನೆನಪಿಗೆ ಬರಲಿಲ್ಲ. ಅವನಿಗೆ ಅಳು ಬಂತು, ಬೇಲಿಯ ಕಡೆ ಮುಖ ತಿರುಗಿಸಿಕೊಂಡ.

ಒಂದು ಡಬ್ಬಿ ಹನ್ನೊಂದು ಗಿಡಕ್ಕೆ ಎಲ್ಲಿ ಸಾಕು? ತ್ರಿವೇಣಿ ಮೊದಲು ಪೇರಲದ ಬೇರಿನ ಹುಳುಗಳನ್ನು ಆ ಪುಡಿಯ ನೀರಿನಲ್ಲಿ ಬಿಟ್ಟು ನೋಡಿದಳು. ಒಂದು ಜಾತಿಯ ಹುಳುವಿಗೆ ಅಂಟುವ ಕಾಳು ಇನ್ನೊಂದು ಜಾತಿಯದಕ್ಕೆ ಅಂಟದೆ ಹೋಗಬಹುದು ಎಂದಿದ್ದಳು. ಅಂಟಿತು. ಆಮೇಲೆ ಪುಡಿಯನ್ನು ಹೆಚ್ಚಿಸುವ ಕೆಲಸ. ಹನ್ನೆರಡು ಕುಂಡದಲ್ಲಿ ಟೊಮೆಟೊ ನೆಟ್ಟು, ಕುಂಡಗಳನ್ನು ನೆಲ ತಾಗದಂತೆ ಸಿಮೆಂಟಿನ ಕಟ್ಟೆಯ ಮೇಲಿಟ್ಟು, ಕಾಳು ಅಂಟಿದ ಹುಳುಗಳನ್ನು ಬೇಕೆಂದೇ ಬುಡಕ್ಕೆ ಬಿಡಬೇಕು. ಮೂವತ್ತು ವರ್ಷ ಹುಳುವಿಗೆ ಹೆದರಿ ಬಾಳಿದವನು ದಿನಾ ಹುಳುವಿಗೆ ನೀರು ಹಾಕುವ ಕಾಲ ಬಂತು. ಮನೆಗೆ ಕಳ್ಳನನ್ನು ಕರೆದು ಊಟಕ್ಕಿಟ್ಟ ಹಾಗೆ ಅವನಿಗೆ ಸಂಕಟವಾಗುತ್ತಿತ್ತು.

"ಎರಡೂವರೆ ತಿಂಗಳು ಕೈ ಹಚ್ಚಬ್ಯಾಡ್ರಿ ಕಾಕಾ. ಕಿತ್ತು ನೋಡಬ್ಯಾಡ್ರಿ" ಎಂದಿದ್ದಳು ತ್ರಿವೇಣಿ.

ಮೂರನೇ ವಾರ ಅವನು ಒಂದನ್ನು ಕಿತ್ತು ನೋಡಿದ. ಏನೂ ತಿಳಿಯಲಿಲ್ಲ, ಗಿಡ ಸತ್ತಿತು. ಹನ್ನೆರಡು ಹೋಗಿ ಹನ್ನೊಂದಾಯಿತು. ಬೈಸಿಕೊಂಡ ಮೇಲೆ ಕುರ್ಪಿಯನ್ನು ತಾನೇ ಕಲ್ಲವ್ವನ ಕೈಗೆ ಕೊಟ್ಟು, "ಎಲ್ಲ್ಯಾರ ಇಡು, ಎಲ್ಲಿ ಅಂತ ನನಗ ಹೇಳಬ್ಯಾಡ" ಎಂದ. ಅವಳು ಅಕ್ಕಿಡಬ್ಬಿಯಲ್ಲಿಟ್ಟಳು. ಅವನಿಗೆ ಅದು ಮೂರನೇ ದಿನವೇ ಗೊತ್ತಾಯಿತು, ಆದರೂ ತೆಗೆಯಲಿಲ್ಲ.

ಜುಲೈ ಕೊನೆಗೆ ಟೊಮೆಟೊ ಬೇರು ತೆಗೆದು ಒಣಗಿಸಿದರು. ಒರಳಿನ ಮುಂದೆ ಈ ಸಲ ಮುರುಗೆಪ್ಪ ಕೂತ. ಕಲ್ಲವ್ವ ಪಕ್ಕದಲ್ಲಿ ನಿಂತು, "ಸಣ್ಣಗ ಕುಟ್ರಿ" ಎಂದಳು. ಬಹಳ ದಿನದ ಮೇಲೆ ಅವಳಾಗಿಯೇ ಆಡಿದ ಮಾತು ಅದು. ಅಷ್ಟರಲ್ಲಿ ಹನ್ನೊಂದು ತಾಯಿಗಿಡಗಳಲ್ಲಿ ಐದು ಒಣಗಿ ಹೋಗಿದ್ದವು. ಉಳಿದ ಆರರ ಬುಡಕ್ಕೆ ಪುಡಿ ಬೆರೆಸಿದರು. ಮತ್ತೆ ಕುಂಡ, ಮತ್ತೆ ಹುಳು, ಮತ್ತೆ ಪುಡಿ. ಚಳಿಗಾಲದಲ್ಲಿ ಇನ್ನೆರಡು ಗಿಡ ಹೋದವು.

ಈ ವರ್ಷ ಫೆಬ್ರುವರಿಯಲ್ಲಿ ಉಳಿದ ನಾಲ್ಕೂ ಚಿಗುರಿದವು. ತ್ರಿವೇಣಿ ಬೇರು ನೋಡಿ, ಅರ್ಧಕ್ಕಿಂತ ಹೆಚ್ಚು ಹುಳುಗಳಿಗೆ ಕಾಳು ಹತ್ತಿದೆ, ಹೊಸ ಗಂಟು ಕಡಿಮೆಯಾಗಿದೆ ಎಂದಳು. "ಇದು ಔಷಧಿ ಅಲ್ಲ ಕಾಕಾ, ಹುಳ ಪೂರ್ತಿ ಹೋಗಂಗಿಲ್ಲ. ಇನ್ನೊಂದು ಮಳಿಗಾಲ ನೋಡೂಣು. ಈಗಲೇ ನಂಬಬ್ಯಾಡ್ರಿ." ನಂಬಬೇಡಿ ಎಂದು ಮುರುಗೆಪ್ಪನಿಗೆ ಹೇಳಿದ ಮೊದಲ ವ್ಯಕ್ತಿ ಅವಳೇ ಇರಬೇಕು. ಕಲ್ಲವ್ವ ಒಳಗೆ ನಕ್ಕದ್ದು ಹೊರಗೆ ಕೇಳಿಸಿತು. ಬಾಗಿಲಿನ ಬೋರ್ಡನ್ನು ಅವನು ಇನ್ನೂ ತೆಗೆದಿಲ್ಲ.

ಅದೇ ತಿಂಗಳು ಬೇಲಿಯಾಚೆ ದಿಗಂಬರನ ಎರಡು ಪೇರಲ ಹಳದಿಯಾದವು. ಆ ಒಂದು ಟ್ರಾಲಿ ಮಣ್ಣಿನಿಂದ ಬಂತೋ, ಮೊದಲೇ ಇತ್ತೋ, ಯಾರೂ ಹೇಳಲಾರರು. ಮುರುಗೆಪ್ಪನಿಗೆ ಮಾತ್ರ ಆ ಗಿಡಗಳ ಕಡೆ ನೋಡಿದಾಗಲೆಲ್ಲ ಊಟ ರುಚಿಸುತ್ತಿರಲಿಲ್ಲ. ಒಂದು ಬೆಳಿಗ್ಗೆ ಹೊಸ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ ದಿಗಂಬರನ ಕೈಯಲ್ಲಿಟ್ಟ.

"ಇದರಲ್ಲಿ ಏನಿದೆ?" ಎಂದ ದಿಗಂಬರ.

"ಒಣಗಿದ ಬೇರಿನ ಪುಡಿ. ಗಿಡದ ಬುಡಕ್ಕೆ ಬೆರೆಸು."

"ಒಳ್ಳೆಯ ಬೇರೋ, ರೋಗದ ಬೇರೋ?"

ಸುಳ್ಳು ಹೇಳಬಹುದಿತ್ತು. "ರೋಗದ್ದೇ" ಎಂದ ಮುರುಗೆಪ್ಪ. ಆಮೇಲೆ ಕಾಳು, ಹುಳು, ಮೊಟ್ಟೆ ಎಂದೆಲ್ಲ ಬೆವರು ಒರೆಸಿಕೊಳ್ಳುತ್ತ ವಿವರಿಸಿದ. ದಿಗಂಬರ ಕೊನೆಯವರೆಗೂ ತಲೆಯಾಡಿಸಿ ಕೇಳಿ, ಕಟ್ಟನ್ನು ಜೇಬಿಗೆ ಹಾಕಿಕೊಂಡ.

ಮರುದಿನ ಹಾಲು ತರಲು ಹೋದಾಗ ಆ ಕಟ್ಟು ರಸ್ತೆಯ ಪಕ್ಕದ ಗಟಾರದ ಅಂಚಿನಲ್ಲಿ ಬಿದ್ದಿತ್ತು. ದಾರ ಕೂಡ ಬಿಚ್ಚಿರಲಿಲ್ಲ. ಮುರುಗೆಪ್ಪ ಬಗ್ಗಿ ಅದನ್ನು ಎತ್ತಿಕೊಂಡು, ಧೂಳು ಒರೆಸಿ ಮನೆಗೆ ತಂದ. ಕಲ್ಲವ್ವನ ಮುಂದೆ ಇಟ್ಟು, ಎಲ್ಲಿ ಸಿಕ್ಕಿತೆಂದು ಹೇಳಿದ. ಅವಳು ಕಟ್ಟನ್ನು ಸೆರಗಿನಲ್ಲಿ ಹಾಕಿಕೊಂಡು ಬೇಲಿಯ ಸಂದಿಯಿಂದ ದಿಗಂಬರನ ತಾಯಿ ರಂಗೂಬಾಯಿಯ ಹತ್ತಿರ ಹೋದಳು.

ಬೇಲಿಯ ಈಚೆ ನಿಂತ ಮುರುಗೆಪ್ಪನಿಗೆ ಎಲ್ಲ ಕಾಣುತ್ತಿತ್ತು. ಮುದುಕಿ ಕಟ್ಟು ಬಿಚ್ಚಿದಳು. ಇಬ್ಬರೂ ಸೀರೆ ಎತ್ತಿ ಕಟ್ಟಿ ಹಳದಿ ಪೇರಲದ ಬುಡದಲ್ಲಿ ಕೂತು ಮಣ್ಣು ಕೆದರಿ ಪುಡಿ ಬೆರೆಸಿದರು. ಅರ್ಧ ಗಂಟೆ ಬಿಟ್ಟು ಕಲ್ಲವ್ವ ಕೈ ಒರೆಸಿಕೊಳ್ಳುತ್ತ ಮರಳಿದಳು.

"ಏನ್ ಕೇಳಿದಳು ಆಕಿ?"

"ಏನ್ ಕೇಳತಾಳ? ಏನೂ ಕೇಳಲಿಲ್ಲ."

"ಏನದು, ಎಲ್ಲಿದು, ಯಾತಕ್ಕ ಅಂತ? ಒಂದೂ?"

"ಒಂದೂ ಇಲ್ಲ. ಚಹಾ ಕುಡದು ಹೋಗು ಅಂದಳು. ಕುಡದು ಬಂದೆ."

ಮುರುಗೆಪ್ಪ ಇನ್ನೂ ಸ್ವಲ್ಪ ಹೊತ್ತು ಬೇಲಿಯ ಹತ್ತಿರವೇ ನಿಂತಿದ್ದು, ಆಮೇಲೆ ಅವಳ ಹಿಂದೆ ಒಳಗೆ ಹೋದ.